ತಿಂಗಳಿಗೊಂದು ಮತ್ತಿ ಮರ

ಕಳೆದ ಮಳೆಗಾಲದಲ್ಲಿ ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಬಟ್ಟೆ ಒಣಗಿಸುವ ಯಂತ್ರ ಮೂಲೆಯಲ್ಲಿ ಸುಮ್ಮನೆ ಕುಳಿತಿತ್ತು. ಸೊಸೆ ನನ್ನ ಅಂಗಿಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದಳು. ಬೆಳಗಿನ ನಡಿಗೆಗೆ ಹೊರಡಲೆಂದು ಅದನ್ನು ತೊಟ್ಟೆ. ಹೊಗೆ, ಅರೆಹಸಿ ಹತ್ತಿ, ಸ್ವಲ್ಪ ಮಸಿ. ಆ ವಾಸನೆ ಮೂಗಿಗೆ ಬಂದದ್ದೇ ಕೈ ನಿಂತಿತು. ಗುಂಡಿಗಳನ್ನು ಒಂದರ ಕೆಳಗೊಂದು ತಪ್ಪು ಕಾಜಕ್ಕೆ ಹಾಕಿಕೊಂಡಿದ್ದೆ. ನಾನು ಗುಂಡಿ ತಪ್ಪಿಸುವ ಮನುಷ್ಯನಲ್ಲ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಆಮೇಲೆ ಜೀವಮಾನವಿಡೀ ಡ್ರಿಲ್ ಮಾಸ್ತರನಾಗಿ ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದವನು. ಸಾಲು ತಪ್ಪಿದರೆ ನನಗೆ ತಲೆ ಓಡುವುದಿಲ್ಲ. ಹಾಗೆ ತಲೆ ಓಡದೆ ಕಳೆದ ವರ್ಷವೊಂದಿದೆ. ಅರವತ್ತಮೂರನೇ ಇಸವಿಯ ಮಳೆಗಾಲದಲ್ಲಿ ಶುರುವಾಗಿ ಮರುವರ್ಷದ ಮಳೆಗಾಲಕ್ಕೆ ಮುಗಿಯಿತು. ಮುಗಿಯಿತು ಎಂದು ಬರೆದೆ, ನಿಜವಾಗಿ ಮುಗಿದಿದೆಯೇ ಎಂಬುದು ಇನ್ನೂ ನನಗೆ ಸ್ಪಷ್ಟವಿಲ್ಲ.

ಆಗ ನಾನು ಹೊಸನಗರದ ಹೈಸ್ಕೂಲಿನಲ್ಲಿದ್ದೆ. ತೀರ್ಥಹಳ್ಳಿಯ ಕಡೆಯವನಾದ್ದರಿಂದ ಮಳೆ ನನಗೆ ಹೊಸದಲ್ಲ. ಆ ವೈಶಾಖದಲ್ಲಿ ಮದುವೆಯಾಯಿತು. ತರಬೇತಿಯಲ್ಲಿ ನನ್ನ ಜೊತೆಗಿದ್ದ ತಿಪ್ಪೇಸ್ವಾಮಿ ಚಳ್ಳಕೆರೆ ಕಡೆಯವನು. ಅವನ ತಂಗಿ ಗಿರಿಜಳನ್ನು ಮದುವೆಯಾದೆ. ಅವಳ ಊರಿನಲ್ಲಿ ಬೆಳಿಗ್ಗೆ ಹಿಂಡಿ ಹಾಕಿದ ಸೀರೆಯನ್ನು ಅಡಿಗೆ ಮುಗಿಯುವುದರೊಳಗೆ ಮಡಿಸಿಡಬಹುದು. ಅಂಥವಳನ್ನು ಜ್ಯೇಷ್ಠದಲ್ಲಿ ಹೊಸನಗರಕ್ಕೆ ಕರೆದುಕೊಂಡು ಬಂದೆ. ಬಂದ ವಾರಕ್ಕೆ ಮಳೆ ಹಿಡಿಯಿತು.

ನಾನು ಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದೆ. ಯಾವ ಹೊತ್ತಿಗೆ ನೀರು, ಯಾವ ಹೊತ್ತಿಗೆ ಒಲೆ, ಯಾವ ವಾರ ಯಾವ ಟ್ರಂಕಿನ ಬಟ್ಟೆ ತೆಗೆದು ಬೆಂಕಿಗೆ ಹಿಡಿಯಬೇಕು ಎಲ್ಲ ಅದರಲ್ಲಿತ್ತು. ಗಿರಿಜ ಅದನ್ನು ಒಮ್ಮೆ ಓದಿದಳು. ಅವಳ ಮದುವೆಯ ಸೀರೆಗೆ ಬೂಷ್ಟು ಬಂತು. ಉಪ್ಪು ನೀರಾಯಿತು. ಬೆಂಕಿಪೊಟ್ಟಣವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವುದನ್ನು ಅವಳು ಮನೆಯೊಡತಿ ಭಾಗೀರಥಮ್ಮನಿಂದ ಕಲಿತಳು. ಭಾಗೀರಥಮ್ಮ ನಮ್ಮ ಗೋಡೆಯಾಚೆಯ ಅರ್ಧ ಮನೆಯಲ್ಲಿದ್ದರು. ಹವ್ಯಕರ ಹೆಂಗಸು, ಬಾಯಿ ಜೋರು, ಕೈ ಧಾರಾಳ. ಅವರ ಮಾತು ಗಿರಿಜಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ಅವಳು ಹಗ್ಗದ ಮೇಲಿದ್ದ ಬಟ್ಟೆಯನ್ನು ಒಂದೊಂದಾಗಿ ಮುಟ್ಟಿ ನೋಡಿ, "ಇಲ್ಲಿ ಯಾವ್ದೂ ಒಣಗಲ್ಲ ಕಣ್ರೀ," ಎಂದಳು. ದೂರಿನ ಹಾಗೇನೂ ಇರಲಿಲ್ಲ. ಒಲೆಯ ಹತ್ತಿರ ಇನ್ನೊಂದು ಹಗ್ಗ ಕಟ್ಟುತ್ತೇನೆ ಎಂದೆ. ಕಟ್ಟಿಯೂ ಕಟ್ಟಿದೆ.

ಆಷಾಢ ಬಂತು. ಹೊಸ ಮದುವಣಗಿತ್ತಿ ಆಷಾಢಕ್ಕೆ ತವರಿಗೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ತಿಪ್ಪೇಸ್ವಾಮಿ ಬಂದು ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು. "ಮಳೆ ಬಿಟ್ಮೇಲೆ ಬರ್ತೀನಿ." ನಾನು ಅದನ್ನು ಹೇಳಿದ ಹಾಗೇ ತೆಗೆದುಕೊಂಡೆ. ಮಾತನ್ನು ಬೇರೆ ರೀತಿ ತೆಗೆದುಕೊಳ್ಳುವುದು ನನಗೆ ಗೊತ್ತಿರಲಿಲ್ಲ.

ಶ್ರಾವಣ ಹುಟ್ಟಿತು, ಹೆಂಡತಿ ಬರಲಿಲ್ಲ. ಬದಲಿಗೆ ಮಾವನವರ ಕಾಗದ ಬಂತು. ಹುಡುಗಿಗೆ ಕೆಮ್ಮು, ನಿಮ್ಮ ಊರು ಮನುಷ್ಯರಿಗೆ ಆಗುವಂಥದ್ದಲ್ಲ, ಬಯಲುಸೀಮೆಗೆ ವರ್ಗ ಮಾಡಿಸಿಕೊಳ್ಳಿ, ಮುಂದಿನ ವರ್ಷ ಶಾಲೆ ತೆರೆಯುವ ಹೊತ್ತಿಗೆ ಅರ್ಜಿಯನ್ನಾದರೂ ಹಾಕದಿದ್ದರೆ ಮಗಳು ಇಲ್ಲೇ ಇರುತ್ತಾಳೆ, ಅನ್ಯಥಾ ಭಾವಿಸಬಾರದು ಎಂದು ಬರೆದಿದ್ದರು. ಅನ್ಯಥಾ ಭಾವಿಸದೆ ಹೇಗಿರುವುದೋ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ಈ ಊರಿನಲ್ಲಿ ವರ್ಷವೆಲ್ಲ ಮಳೆಯಲ್ಲ, ಇಲ್ಲಿಯೂ ಬಿಸಿಲಿದೆ, ಆಕಾಶವಿದೆ, ಕಾಲಕ್ಕೆ ತಕ್ಕಂತೆ ನೆಲ ಬಣ್ಣ ಬದಲಿಸುತ್ತದೆ ಎಂದು ಅವರಿಗೆ ತೋರಿಸಬೇಕು. ಬಾಯಲ್ಲಿ ಹೇಳಿದರೆ ನಂಬುವವರಲ್ಲ. ಕಣ್ಣಿಗೆ ತೋರಿಸಬೇಕು.

ಸಾಗರಕ್ಕೆ ಹೋಗಿ ಫೋಟೋ ಸ್ಟುಡಿಯೋದ ಅನಂತಣ್ಣನಿಂದ ಒಂದು ಹಳೆಯ ಡಬ್ಬಿ ಕ್ಯಾಮೆರಾ ಕೊಂಡೆ. ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಒತ್ತಲು ಒಂದು ಕೀಲಿ, ಬೆನ್ನಿನಲ್ಲಿ ರೀಲಿನ ಅಂಕೆ ಕಾಣುವ ಕೆಂಪು ಕಿಟಕಿ. ಹತ್ತಿರದ್ದನ್ನು ತೆಗೆಯಬೇಡಿ ಮಾಸ್ತ್ರೆ, ಮಸುಕಾಗುತ್ತದೆ, ದೂರದ್ದು ಚೆನ್ನಾಗಿ ಬರುತ್ತದೆ ಎಂದ ಅನಂತಣ್ಣ. ನನಗೂ ದೂರದ್ದೇ ಬೇಕಿತ್ತು.

ಹೊಸನಗರದ ಅಂಚಿನಲ್ಲಿ ಒಂದು ಬ್ಯಾಣವಿತ್ತು. ಊರ ದನ ಮೇಯುವ ಹುಲ್ಲುಗುಡ್ಡಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನೆತ್ತಿಯ ಮೇಲೆ ಕಪ್ಪು ಜಂಬಿಟ್ಟಿಗೆಯ ಹಾಸು, ಅದರ ಪಕ್ಕದಲ್ಲಿ ಒಂಟಿ ಮತ್ತಿ ಮರ, ಕೆಳಗೆ ಗದ್ದೆಬಯಲು, ಅದರಾಚೆ ಕಾಡು, ಎಲ್ಲಕ್ಕಿಂತ ಆಚೆ ಕೊಡಚಾದ್ರಿಯ ಸಾಲು. ನಾನು ನಿಯಮ ಮಾಡಿಕೊಂಡೆ. ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಏಳಕ್ಕೆ, ಅದೇ ಕಲ್ಲಿನ ಮೇಲೆ ನಿಂತು, ಅದೇ ಮರ ಎಡಗಡೆ ಬರುವ ಹಾಗೆ ಚಿತ್ರ ತೆಗೆಯುವುದು. ಅದರಲ್ಲಿ ಒಳ್ಳೆಯದನ್ನು ಆರಿಸಿ, ಹಿಂದೆ ಮಾಸ, ಗಂಟೆ, ಸ್ಥಳ ಬರೆದು ಚಳ್ಳಕೆರೆಗೆ ಕಳಿಸುವುದು. ಒಂದೇ ಜಾಗ, ಒಂದೇ ಹೊತ್ತು. ಬದಲಾಗುವುದು ಕಾಲ ಮಾತ್ರ. ಇದಕ್ಕಿಂತ ಶಿಸ್ತಾದ ಸಾಕ್ಷಿ ಯಾವುದು?

ಶ್ರಾವಣದ ಆ ಭಾನುವಾರ ಛತ್ರಿ ಹಿಡಿಯಲೂ ಆಗದ ಗಾಳಿಮಳೆ. ಬ್ಯಾಣ ಹತ್ತಲು ಹೊರಟವನು ಗೇಟಿನಿಂದ ಹಿಂದೆ ಬಂದೆ. ನಿಯಮ ಮುರಿಯಲು ಮನಸ್ಸಾಗಲಿಲ್ಲ. ಜಗುಲಿಯಲ್ಲಿ ನಿಂತು ಗುಡ್ಡವಿರುವ ದಿಕ್ಕಿಗೆ ಕ್ಯಾಮೆರಾ ಹಿಡಿದು ಒತ್ತಿದೆ. ಗುಡ್ಡ ಕಾಣುತ್ತಿರಲಿಲ್ಲ, ಆದರೂ ಒತ್ತಿದೆ. ಜಗುಲಿಯ ಹಗ್ಗದ ಮೇಲೆ ಗಿರಿಜ ಬಿಟ್ಟುಹೋದ ಚೌಕಳಿ ಸೀರೆ ಇತ್ತು. ಭಾನುವಾರ ಅವಳ ಟ್ರಂಕಿನ ಸರದಿ. ವಾರಕ್ಕೊಮ್ಮೆ ತೆಗೆದು ಗಾಳಿಗೆ, ಆಮೇಲೆ ಬೆಂಕಿಗೆ ಹಿಡಿಯದಿದ್ದರೆ ಬಟ್ಟೆ ಉಳಿಯುವುದಿಲ್ಲ. ವೇಳಾಪಟ್ಟಿಯಲ್ಲಿ ಇದ್ದದ್ದರಿಂದ ನಾನು ಅದನ್ನು ಬಿಡದೆ ಮಾಡುತ್ತಿದ್ದೆ. ಅವಳಿಗೆ ಹೇಳುವಂಥ ವಿಷಯವೆಂದು ಅನ್ನಿಸಿರಲಿಲ್ಲ.

ಕ್ಯಾಮೆರಾ ಎಲ್ಲಿಡುವುದೆಂಬುದು ಅದನ್ನು ಕೊಂಡು ತಂದ ದಿನವೇ ಇನ್ನೊಂದು ಸಮಸ್ಯೆಯಾಗಿತ್ತು. ಟ್ರಂಕಿನಲ್ಲಿಟ್ಟರೆ ತೇವ, ಕಪಾಟಿನಲ್ಲಿಟ್ಟರೆ ಬೂಷ್ಟು. ಭಾಗೀರಥಮ್ಮ ಗೋಡೆಯಾಚೆಯಿಂದ ತೀರ್ಪು ಕೊಟ್ಟರು. "ಮಾಸ್ತ್ರೇ, ಒಲೆ ಮೇಲಿನ ಅಟ್ಟದಲ್ಲಿ ಇಡಿ. ಮಳೆಗಾಲದಲ್ಲಿ ಬೆಂಕಿ ಹತ್ರ ಇಪ್ಪದು ಮಾತ್ರ ಉಳಿತು. ಎಂತೂ ಆಗ್ತಿಲ್ಲೆ." ನನಗೂ ಅದು ಸರಿಯೆನಿಸಿತು. ಮಲೆನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಸರಿಯೆನಿಸುತ್ತಿತ್ತು. ಬಿತ್ತನೆಯ ಸೌತೆಬೀಜ, ಕೊಬ್ಬರಿ, ಹಲಸಿನ ಹಪ್ಪಳ ಎಲ್ಲ ಅಲ್ಲೇ ಅಲ್ಲವೇ ಬದುಕುವುದು. ಕ್ಯಾಮೆರಾವನ್ನು ಹಪ್ಪಳದ ಡಬ್ಬದ ಪಕ್ಕದಲ್ಲಿ ಜೋಪಾನವಾಗಿಟ್ಟೆ.

ಭಾದ್ರಪದದಲ್ಲಿ ಮಳೆ ಸೋನೆಗೆ ಇಳಿಯಿತು. ಬ್ಯಾಣದ ಪೊದೆಗಳ ಮೇಲೆ ಗೌರಿ ಹೂ ಹತ್ತಿಕೊಂಡು, ತುದಿಯಲ್ಲಿ ಕೆಂಪು, ಬುಡದಲ್ಲಿ ಹಳದಿ, ಉರಿಯುವ ದೊಂದಿಯ ಹಾಗೆ ನಿಂತಿತ್ತು. ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಕಾಲಿಗೆ ಹತ್ತಿದ ಇಂಬಳಗಳನ್ನು ಸುಣ್ಣ ಮುಟ್ಟಿಸಿ ಉದುರಿಸುತ್ತಾ ಚಿತ್ರ ತೆಗೆದೆ. ಆಶ್ವಯುಜದಲ್ಲಿ ಒಮ್ಮೆಲೇ ಆಕಾಶ ತೊಳೆದಿಟ್ಟಂತಾಯಿತು. ಕೊಡಚಾದ್ರಿ ಕೈಗೆ ಸಿಗುವಷ್ಟು ಹತ್ತಿರ ಬಂದು ಕೂತಿತು. ರೀಲು ಮುಗಿಯಿತು. ದೀಪಾವಳಿಗೆ ಮುಂಚೆ ಸಾಗರದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಶರಾವತಿಯ ಅಣೆಕಟ್ಟಿನದೇ ಮಾತು, ಯಾರ ಊರು ಮುಳುಗುತ್ತದೆ, ಯಾರದ್ದು ಉಳಿಯುತ್ತದೆ ಎಂದು. ನಾನು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಲೆಕ್ಕದಲ್ಲಿದ್ದೆ.

ಅನಂತಣ್ಣ ರೀಲು ತೊಳೆದು, ನಾನು ಹೇಳಿದ್ದಂತೆ ದಪ್ಪ ಕಾಗದದ ಮೇಲೆ ಕಾರ್ಡು ಗಾತ್ರಕ್ಕೆ ಅಚ್ಚು ಹಾಕಿದ್ದ. ನನ್ನನ್ನು ಕಂಡದ್ದೇ ಮುಖ ಬೇರೆಯಾಯಿತು. ಒಂದೂ ಸರಿಯಿರಲಿಲ್ಲ. ಎಲ್ಲದರ ಮೇಲೂ ಹಾಲಿನ ಕೆನೆ ಕಟ್ಟಿದ ಹಾಗೆ ಮಬ್ಬು. ತೊಳೆದಿಟ್ಟಂತಿದ್ದ ಆ ಆಶ್ವಯುಜದ ಆಕಾಶವೂ ಆಷಾಢದ ಹಾಗಿತ್ತು. ಅನಂತಣ್ಣ ರೀಲು ಹಳೆಯದಿರಬೇಕು ಎಂದ, ನೀರು ಸರಿಯಿಲ್ಲವೇನೋ ಎಂದ, ನನ್ನ ಕೈ ನಡುಗಿತೇ ಎಂದು ಕೇಳಿದ. ನನ್ನ ಕೈ ನಡುಗುವುದಿಲ್ಲ ಎಂದೆ. ಕೊನೆಗೆ ಕ್ಯಾಮೆರಾ ಎತ್ತಿ ಗಾಜಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದ.

"ಮಾಸ್ತ್ರೆ, ಇದ್ರಲ್ಲಿ ಹಲಸಿನ ಹಪ್ಪಳ ಏನಾದ್ರೂ ಸುಟ್ರಾ?"

ಗಾಜಿನ ಮೇಲೆ ಹೊಗೆಯ ಜಿಡ್ಡು ಕೂತಿತ್ತು. ಒಳಗಿನ ರೀಲು ಶಾಖಕ್ಕೆ ಮಂಕಾಗಿತ್ತು. ನಾನು ಅಟ್ಟದ ವಿಷಯ ಹೇಳಿದಾಗ ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ಸೇರಿ ನಕ್ಕರು. ನಗುವಿನ ನಡುವೆ ಅನಂತಣ್ಣ ಒಂದು ಚಿತ್ರ ತೆಗೆದು ಬೆಳಕಿಗೆ ಹಿಡಿದು, "ಇದ್ಯಾರು, ಮನೆಯವ್ರು ಬಂದ್ರಾ?" ಎಂದು ಕೇಳಿದ. ಜಗುಲಿಯಲ್ಲಿ ತೆಗೆದ ಶ್ರಾವಣದ ಚಿತ್ರ ಅದು. ಹತ್ತಿರವಿದ್ದ ಸೀರೆ ಮಸುಕಾಗಿ, ಗಾಳಿಗೆ ಉಬ್ಬಿ, ಹಗ್ಗ ಕಾಣದಂತೆ ಮಬ್ಬು ಕವಿದು, ಯಾರೋ ಹೆಂಗಸು ಜಗುಲಿಯ ಕಂಬಕ್ಕೆ ಒರಗಿ ಮಳೆ ನೋಡುತ್ತ ನಿಂತ ಹಾಗೆ ಕಾಣುತ್ತಿತ್ತು. ಅದು ಸೀರೆ ಎಂದೆ. ಅವನು ಇನ್ನೊಮ್ಮೆ ನೋಡಿ, ನೀವು ಹೇಳಿದರೆ ಸರಿ ಎಂದು ಕೈಗೆ ಕೊಟ್ಟ. ಹಾಳಾದ ಪ್ರತಿಗಳನ್ನು ಕಟ್ಟಿ ಚೀಲಕ್ಕೆ ಹಾಕಿಕೊಂಡೆ. ದಪ್ಪ ಕಾಗದ, ಬಿಸಾಡಲು ಮನಸ್ಸು ಬರಲಿಲ್ಲ.

ಗಾಜು ಒರೆಸಿ, ಹೊಸ ರೀಲು ಹಾಕಿಸಿ, ಅದೇ ವಾರ ಬ್ಯಾಣಕ್ಕೆ ಓಡಿ, ನಿಯಮ ಮುರಿದು ಒಂದಿಷ್ಟು ಚಿತ್ರ ತೆಗೆದು, ತುರ್ತಾಗಿ ಅಚ್ಚು ಹಾಕಿಸಿದೆ. ಈ ಸಲ ಎಲ್ಲವೂ ಗೆರೆ ಕೊರೆದಂತೆ ಬಂದಿದ್ದವು. ಅವನ್ನು ತೆಗೆದುಕೊಂಡು ಮೊದಲ ದೀಪಾವಳಿಗೆ ಅಳಿಯ ಹೋಗಬೇಕಾದ ರೀತಿಯಲ್ಲಿ ಚಳ್ಳಕೆರೆಗೆ ಹೋದೆ.

ಎಣ್ಣೆನೀರು ಆಯಿತು, ಹೊಸ ಪಂಚೆ ಆಯಿತು. ಊಟದ ನಂತರ ಮಾವನವರು ಚಿತ್ರಗಳನ್ನು ಒಂದೊಂದಾಗಿ ಕನ್ನಡಕದ ಕೆಳಗೆ ಹಿಡಿದು ನೋಡಿದರು. ಅವರ ಕಡಲೆಕಾಯಿ ಎಣ್ಣೆಯ ಗಾಣಕ್ಕೆ ಬರುವ ಮೂಟೆಗಳನ್ನೂ ಅವರು ಹಾಗೇ ನೋಡುತ್ತಿದ್ದಿರಬೇಕು.

"ಏನಪ್ಪಾ ಇದು, ಬರೀ ಗಿಡಗಳು. ನಿಮ್ಮೂರಾಗೆ ಜನ ಇಲ್ವಾ?"

ಜನರಿದ್ದಾರೆ, ಆದರೆ ತೋರಿಸಬೇಕಾದದ್ದು ಆಕಾಶ ಎಂದೆ. ಮಳೆ ಬಿಟ್ಟಿದೆ ನೋಡಿ ಎಂದು ಬೆರಳಿಟ್ಟೆ. ಅವರು ಚಿತ್ರ ಚೆನ್ನಾಗಿದೆ, ವರ್ಗದ ಅರ್ಜಿ ಹಾಕಿದ್ದಾಯಿತೇ ಎಂದು ಕೇಳಿದರು.

ಗಿರಿಜ ಒಳಗೆ ಕುಳಿತು ನೋಡಿದಳು. ಅವಳು ನೋಡುವ ಕ್ರಮವೇ ನನಗೆ ಅರ್ಥವಾಗಲಿಲ್ಲ. ಮೊದಲು ಚಿತ್ರದ ಬೆನ್ನು ತಿರುಗಿಸುತ್ತಿದ್ದಳು. "ಆಶ್ವಯುಜ, ಬೆಳಿಗ್ಗೆ ಏಳು ಗಂಟೆ, ಬ್ಯಾಣ" ಎಂದು ಓದಿ, ಆಮೇಲೆ ಮುಂಭಾಗ ನೋಡುತ್ತಿದ್ದಳು. ಎಲ್ಲವೂ ಮುಗಿದ ಮೇಲೆ ಕೇಳಿದಳು.

"ಇದ್ರಾಗೆ ನೀವೆಲ್ಲಿದೀರಿ?"

"ನಾನು ಕ್ಯಾಮೆರಾದ ಹಿಂದೆ."

"ಯಾವಾಗ್ಲೂ ಅಲ್ಲೇ ಇರ್ತೀರಾ?"

ಅಲ್ಲೇ ಇರಬೇಕಾಗುತ್ತದೆ, ಇಲ್ಲದಿದ್ದರೆ ಕೀಲಿ ಒತ್ತುವವರು ಯಾರು ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ಮಳೆ ಬಿಟ್ಟಿದೆಯಲ್ಲ, ಬರುತ್ತೀಯಾ ಎಂದು ಕೇಳಿದೆ. ಅಪ್ಪನನ್ನು ಕೇಳಿ ಎಂದಳು. ಅಪ್ಪನನ್ನು ಕೇಳಿದರೆ ಅರ್ಜಿ ಎಂದರು. ಮಳೆ ಬಿಟ್ಟ ಮೇಲೆ ಬರುತ್ತೇನೆ ಎಂದವಳು, ಮಳೆ ಬಿಟ್ಟಿದ್ದನ್ನು ಕಣ್ಣಾರೆ ನೋಡಿಯೂ ಬರಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ತಿರುವಿ ಹಾಕಿದೆ. ಎಲ್ಲಿ ಸಾಲು ತಪ್ಪಿತೆಂದು ಸಿಗಲಿಲ್ಲ.

ಹಾಗಾದರೆ ಇನ್ನೂ ಒಳ್ಳೆಯ ಚಿತ್ರ ಬೇಕು ಎಂಬ ತೀರ್ಮಾನಕ್ಕೆ ಬಂದೆ. ಕ್ಯಾಮೆರಾವನ್ನು ಅಟ್ಟದಿಂದ ಇಳಿಸಿ, ಹುರಿದ ಅಕ್ಕಿ ತುಂಬಿದ ಡಬ್ಬದಲ್ಲಿಟ್ಟೆ. ಕಾರ್ತೀಕ ಕಳೆದು ಬ್ಯಾಣದ ಹುಲ್ಲು ಹೊನ್ನಾಯಿತು. ನಮ್ಮಲ್ಲಿ ಕರಡ ಎನ್ನುವ ಆ ಹುಲ್ಲು ಎದೆಯೆತ್ತರ ನಿಂತು, ಗಾಳಿ ಬಂದರೆ ಇಡೀ ಗುಡ್ಡ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಜನ ಬಂದು ಕೊಯ್ದು ಹೊರೆ ಕಟ್ಟಿದರು. ಪುಷ್ಯದಲ್ಲಿ ಮಂಜು. ಏಳು ಗಂಟೆಗೆ ಮರವಿಲ್ಲ, ಗದ್ದೆಯಿಲ್ಲ, ಕೊಡಚಾದ್ರಿಯಿಲ್ಲ, ಬಿಳಿಯ ಗೋಡೆಯೊಂದೇ. ಕಾಯ್ದರೆ ಎಂಟಕ್ಕೆ ಮತ್ತಿಯ ತುದಿ ಮೊದಲು ಹುಟ್ಟುತ್ತದೆ, ಆಮೇಲೆ ರೆಂಬೆ, ಕಡೆಗೆ ಬುಡ. ಮರ ಮೇಲಿನಿಂದ ಕೆಳಕ್ಕೆ ಬೆಳೆಯುವುದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಆದರೆ ನಿಯಮ ಏಳು ಗಂಟೆಯದು. ಬಿಳಿಯ ಗೋಡೆಯನ್ನೇ ತೆಗೆದೆ. ಎಂಟು ಗಂಟೆಯವರೆಗೆ ಕಲ್ಲಿನ ಮೇಲೆ ಕುಳಿತೆ, ತೆಗೆಯಲಿಲ್ಲ.

ಆ ಚಿತ್ರ ಅನಂತಣ್ಣನ ಕೈಯಲ್ಲಿ ಅಚ್ಚಾಗಿ ಬಂದಾಗ ಅವನು ಕಾಗದದ ಎರಡೂ ಬದಿ ತಿರುಗಿಸಿ, ಯಾವುದು ಮುಂದು ಎಂದು ಕೇಳಿದ. ಕಳಿಸಿದೆ. ಗಿರಿಜಳ ಕಾರ್ಡು ಬಂತು: ಮಂಜು ಚೆನ್ನಾಗಿದೆ, ನೀವು ಬೆಳಿಗ್ಗೆ ಏನು ತಿಂದು ಹೋಗಿದ್ದಿರಿ? ಅವಲಕ್ಕಿ ಎಂದು ಬರೆದೆ.

ಮಾಘದಲ್ಲಿ ಮತ್ತಿ ಎಲೆ ಉದುರಿಸಿತು. ಬಯಲಿನಂಚಿನ ಬೂರುಗದ ಮರ ಎಲೆಯೇ ಇಲ್ಲದೆ ಕೆಂಪು ಹೂ ತಳೆದು, ಮೈನಾ, ಕಾಜಾಣ, ಗಿಳಿ ಎಂದು ಹಕ್ಕಿಗಳ ಪೇಟೆಯೇ ಅಲ್ಲಿ ನೆರೆಯಿತು. ಬಿಡದೆ ತೆಗೆದೆ. ಅಚ್ಚಿನಲ್ಲಿ ಕೆಂಪೆಲ್ಲ ಕಪ್ಪಾಗಿ ಬಂತು. ಮರಕ್ಕೆ ಮಸಿ ಬಡಿದಂತಿತ್ತು. ಫಾಲ್ಗುಣದ ಚಿಗುರೂ ಹಾಗೇ. ಕಾಡಿನ ಮೇಲೆ ತಾಮ್ರದ ಬಣ್ಣ ಹರಡಿದ್ದು ನನ್ನ ಕಣ್ಣಿಗೆ ಮಾತ್ರ. ಕಾಗದದ ಮೇಲೆ ಅದೇ ಬೂದು, ಅದೇ ಕಪ್ಪು. ಒಂದು ಭಾನುವಾರ ಎಲ್ಲ ಚಿತ್ರಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟು ನೋಡಿದೆ. ಬೆನ್ನ ಮೇಲಿನ ಬರಹ ಇಲ್ಲದಿದ್ದರೆ ಯಾವುದು ಯಾವ ಮಾಸದ್ದೆಂದು ನನಗೇ ಹೇಳಲು ಬರುತ್ತಿರಲಿಲ್ಲ. ಮಾಘದ ಬೋಳು ಮರ ಒಂದು ಬಿಟ್ಟರೆ ಉಳಿದವೆಲ್ಲ ಅಣ್ಣತಮ್ಮಂದಿರು. ಕಾಲ ಬದಲಾಗುತ್ತದೆಂದು ಸಾಧಿಸಲು ಹೊರಟ ನನ್ನ ಸಾಕ್ಷಿ, ಇಲ್ಲಿ ಏನೂ ಬದಲಾಗುವುದಿಲ್ಲ ಎಂದು ಹೇಳುತ್ತಿತ್ತು.

ಇನ್ನೊಂದು ಗೊಂದಲ ನನ್ನೊಳಗೇ ಹುಟ್ಟಿತ್ತು. ಈ ಬ್ಯಾಣ ನನಗೆ ಬೇಕಾಗತೊಡಗಿತ್ತು. ಮೊದಲು ತಿಂಗಳಿಗೊಮ್ಮೆ ಹತ್ತುತ್ತಿದ್ದವನು ಈಗ ಶಾಲೆ ಬಿಟ್ಟ ಮೇಲೆ ಕ್ಯಾಮೆರಾ ಇಲ್ಲದೆಯೂ ಹತ್ತುತ್ತಿದ್ದೆ. ಮತ್ತಿಯ ಬುಡದಲ್ಲಿ ಕುಳಿತು ಏನೂ ಮಾಡದೆ ಕತ್ತಲಾಗಿಸಿಕೊಂಡು ಇಳಿಯುತ್ತಿದ್ದೆ. ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಮಾವನವರು ಕೊಟ್ಟ ಗಡುವು ಹತ್ತಿರವಾಗುತ್ತಿತ್ತು. ವರ್ಗ ಸಿಕ್ಕರೆ ಈ ಗುಡ್ಡ ಹೋಗುತ್ತದೆ, ಸಿಗದಿದ್ದರೆ ಹೆಂಡತಿ ಹೋಗುತ್ತಾಳೆ. ಎರಡನ್ನೂ ತಕ್ಕಡಿಯಲ್ಲಿಟ್ಟವನಲ್ಲ ನಾನು. ಹೆಂಡತಿಯೇ ಮುಖ್ಯ. ಬೇಸಿಗೆ ರಜೆ ಮುಗಿಯುವ ಮೊದಲು ಅರ್ಜಿ ಬರೆದೆ, ಶಾಲೆ ತೆರೆದ ಮೊದಲ ಸೋಮವಾರ ಹೆಡ್‌ಮಾಸ್ತರರ ಕೈಗೆ ಕೊಡುವುದೆಂದು ಕೋಟಿನ ಜೇಬಿನಲ್ಲಿಟ್ಟೆ.

ಕೊನೆಯ ಪ್ರಯತ್ನವೆಂದು ವೈಶಾಖದಲ್ಲಿ ಒಂದು ಚಿತ್ರ ತೆಗೆದೆ. ಹಿಂದಿನ ಸಂಜೆ ಗುಡುಗಿ ಒಂದು ಅಡ್ಡಮಳೆ ಬಂದು ಹೋಗಿತ್ತು. ಬೆಳಿಗ್ಗೆ ಧೂಳಿಲ್ಲ, ಮೋಡಗಳು ಬಿಳಿಯ ಮೂಟೆಗಳ ಹಾಗೆ ಕೊಡಚಾದ್ರಿಯ ಮೇಲೆ ಸಾಲಾಗಿ ನಿಂತಿದ್ದವು, ಮತ್ತಿಯಲ್ಲಿ ಹೊಸ ಎಲೆ. ಇಡೀ ವರ್ಷದಲ್ಲಿ ನನ್ನ ಮನಸ್ಸಿಗೆ ಬಂದ ಹಾಗೆ ಬಂದ ಚಿತ್ರ ಅದೊಂದೇ. ದೊಡ್ಡದಾಗಿ ಅಚ್ಚು ಹಾಕಿಸಿದೆ. ಆ ಹೊತ್ತಿಗೆ ಅನಂತಣ್ಣನ ಬಳಿ ದಪ್ಪ ಕಾಗದ ಮುಗಿದು ತೆಳ್ಳನೆಯದರ ಮೇಲೆ ಬಂತು. ಅಂಚೆಯಲ್ಲಿ ಮುದುರಬಾರದು. ಹಾಳಾದ ಪ್ರತಿಗಳ ಕಟ್ಟು ನೆನಪಾಯಿತು. ಕಟ್ಟಿನ ಮೇಲಿದ್ದ ಎರಡನ್ನು ತೆಗೆದು, ಮುಖ ನೋಡದೆ, ಚಿತ್ರದ ಹಿಂದೆ ಆಸರೆಗೆ ಜೋಡಿಸಿಟ್ಟು ಲಕೋಟೆ ಅಂಟಿಸಿದೆ.

ಉತ್ತರ ಬರಲಿಲ್ಲ. ಜ್ಯೇಷ್ಠ ಬಂತು. ಮತ್ತಿಯ ಕೊಂಬೆಗೆ ಹಿಡಿದಿದ್ದ ಸೀತಾಳೆ ದಂಡೆ ಅರಳಿ ಜಡೆಯ ಹಾಗೆ ತೂಗಿತು. ಅದಾಗಿ ಕೆಲವೇ ದಿನಕ್ಕೆ ಮುಂಗಾರು ಹಿಡಿಯಿತು. ಶಾಲೆ ತೆರೆಯುವ ಹಿಂದಿನ ದಿನ ಭಾನುವಾರ. ಟ್ರಂಕಿನ ಸರದಿ. ಚೌಕಳಿ ಸೀರೆಯನ್ನು ಜಗುಲಿಯ ಹಗ್ಗಕ್ಕೆ ಹಾಕಿ, ಒಳಗೆ ಒಲೆ ಉರುಬುತ್ತಿದ್ದೆ. ಬಾಗಿಲಲ್ಲಿ ಛತ್ರಿ ಮಡಿಸಿದ ಸದ್ದಾಯಿತು. ಗಿರಿಜ ನಿಂತಿದ್ದಳು. ಹಿಂದೆ ಟ್ರಂಕು ಹೊತ್ತು ತೊಪ್ಪೆಯಾದ ತಿಪ್ಪೇಸ್ವಾಮಿ. ಮಳೆ ಬಿಟ್ಟ ಮೇಲೆ ಬರುತ್ತೇನೆ ಎಂದವಳು ಮಳೆ ಹಿಡಿದ ದಿನ ಬಂದಿದ್ದಳು.

ನಾನು ಒಳಗೆ ಬಾ ಎನ್ನುವುದರೊಳಗೆ ಅವಳು ಕುಪ್ಪಸದೊಳಗಿಂದ ಒಂದು ಚಿತ್ರ ತೆಗೆದು ನನ್ನ ಮುಂದೆ ಹಿಡಿದಳು. ತಿಪ್ಪೇಸ್ವಾಮಿ ಟ್ರಂಕು ಇಳಿಸದೆ ನೋಡುತ್ತಿದ್ದ. ಗೋಡೆಯಾಚೆ ಭಾಗೀರಥಮ್ಮನ ಸೌಟಿನ ಸದ್ದು ನಿಂತಿತು.

"ಇವಳ್ಯಾರು?" ಎಂದಳು ಗಿರಿಜ.

ಹೊಗೆ ಕವಿದ ಜಗುಲಿ, ಕಂಬಕ್ಕೊರಗಿದ ಹೆಂಗಸು. ನನಗೆ ಆ ಚಿತ್ರ ಚಳ್ಳಕೆರೆಗೆ ಹೇಗೆ ಹೋಯಿತೆಂದೇ ಮೊದಲು ಹೊಳೆಯಲಿಲ್ಲ. ಇದು ಹಾಳಾದ ಚಿತ್ರ, ಗಾಜಿಗೆ ಮಸಿ ಹಿಡಿದಿತ್ತು, ಶ್ರಾವಣದ್ದು, ಬೆಳಿಗ್ಗೆ ಏಳು ಗಂಟೆ ಎಂದು ಏನೇನೋ ಹೇಳಿದೆ. ಅವಳು ಕೈ ಇಳಿಸಲಿಲ್ಲ. ಆಗ ಭಾಗೀರಥಮ್ಮ ಸೌಟು ಹಿಡಿದುಕೊಂಡೇ ಬಂದು, ಚಿತ್ರ ನೋಡಿ, ಹಗ್ಗದ ಕಡೆ ನೋಡಿ, ಗಿರಿಜಳ ಭುಜ ಹಿಡಿದು ಅತ್ತ ತಿರುಗಿಸಿದರು.

"ಯಾರೂ ಅಲ್ಲ ಕೂಸೇ, ನಿನ್ನ ಸೀರೆ. ವರ್ಷ ಇಡೀ ಅದನ್ನ ಒಣಗ್ಸುದೇ ಇವರ ಕೆಲಸ. ಒಣಗಿದ್ದು ಮಾತ್ರ ಇಲ್ಲೆ."

ಹಗ್ಗದ ಮೇಲೆ ಸೀರೆ ಗಾಳಿಗೆ ಉಬ್ಬಿ, ಕಂಬಕ್ಕೆ ಒರಗಿ ನಿಂತಿತ್ತು, ಚಿತ್ರದಲ್ಲಿದ್ದ ಹಾಗೇ. ಗಿರಿಜ ಹತ್ತಿರ ಹೋದಳು. ಸೆರಗನ್ನು ಎತ್ತಿ ಮೂಗಿಗೆ ಹಿಡಿದಳು. ಹೊಗೆಯ ವಾಸನೆ ಬಂದಿರಬೇಕು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ, "ಇನ್ನೂ ಹಸಿ ಐತೆ," ಎಂದು, ಸೀರೆಯ ಮಗ್ಗುಲು ಬದಲಿಸಿ ಹಗ್ಗಕ್ಕೆ ಹಾಕಿ, ಅಡಿಗೆಮನೆಗೆ ಹೋದಳು. ನಾನು ಉರುಬುತ್ತಿದ್ದ ಒಲೆಯನ್ನು ಅವಳು ಹತ್ತಿಸಿದಳು.

ಕಾಫಿ ಕುಡಿಯುವಾಗ ತಿಪ್ಪೇಸ್ವಾಮಿ ನಡೆದದ್ದನ್ನು ಹೇಳಿದ. ಲಕೋಟೆ ಒಡೆದ ದಿನ ಗಿರಿಜ ದೊಡ್ಡ ಚಿತ್ರವನ್ನು ಬದಿಗಿಟ್ಟು, ಹಿಂದಿದ್ದ ಈ ಚಿತ್ರವನ್ನು ಬಹಳ ಹೊತ್ತು ನೋಡಿದಳಂತೆ. ಒಂದೆರಡು ವಾರ ಯಾರಿಗೂ ತೋರಿಸಲಿಲ್ಲವಂತೆ. ಆಮೇಲೆ ಒಂದು ಸಂಜೆ ಅದನ್ನು ತೆಗೆದುಕೊಂಡು ಹೋಗಿ ಅಪ್ಪನ ಮುಂದಿಟ್ಟು, ಅವರ ಮನೆಯಲ್ಲಿ ಯಾರೋ ಇದ್ದಾರೆ ಎಂದಳಂತೆ. "ಅಪ್ಪ ಅವತ್ತು ಉಣ್ಲಿಲ್ಲ ಭಾವ. ವರ್ಗನೂ ಬ್ಯಾಡ ಏನೂ ಬ್ಯಾಡ, ಬೆಳಿಗ್ಗೆ ಮೊದ್ಲು ಇವಳನ್ನ ಕರ್ಕೊಂಡೋಗಿ ಬಿಟ್ಟು ಬಾ ಅಂದ."

ವರ್ಷವಿಡೀ ಅರ್ಜಿ ಅರ್ಜಿ ಎನ್ನುತ್ತಿದ್ದ ಮಾವನವರು ತಾವಾಗಿ ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ಕೋಟಿನ ಜೇಬಿನಲ್ಲಿದ್ದ ನನ್ನ ಅರ್ಜಿಯನ್ನು ಮರುದಿನ ಬೆಳಿಗ್ಗೆ ಗಿರಿಜ ಒಲೆ ಹತ್ತಿಸಲು ಬಳಸಿದಳು. ಕೇಳಿ ಬಳಸಿದಳೋ ಕೇಳದೆಯೋ ನೆನಪಿಲ್ಲ. ಒಣಗಿದ ಕಾಗದ ಮನೆಯಲ್ಲಿ ಅದೊಂದೇ ಇತ್ತು.

ಆ ಮಳೆಗಾಲದ ಕೊನೆಗೆ ಅವಳನ್ನು ಬ್ಯಾಣಕ್ಕೆ ಕರೆದುಕೊಂಡು ಹೋದೆ. ನಾನು ನಿಲ್ಲುವ ಕಲ್ಲು ತೋರಿಸಿದೆ. ಅವಳು ಕಲ್ಲಿನ ಮೇಲೆ ನಿಂತು, ಕ್ಯಾಮೆರಾ ಕೊಡಿ ಎಂದು ತೆಗೆದುಕೊಂಡು, ನನ್ನನ್ನು ಮತ್ತಿಯ ಕೆಳಗೆ ನಿಲ್ಲಲು ಹೇಳಿದಳು. ಎಡಕ್ಕೆ ಎಂದಳು, ಬಲಕ್ಕೆ ಎಂದಳು. ನಾನು ಅಟೆನ್ಷನ್‌ನಲ್ಲಿ ನಿಂತೆ. ಕೀಲಿ ಒತ್ತಿದಳು. ಆ ಚಿತ್ರದಲ್ಲಿ ಮರ ಅರ್ಧ ಇದೆ, ಕೊಡಚಾದ್ರಿ ಇಲ್ಲವೇ ಇಲ್ಲ. ನಾನಿದ್ದೇನೆ. ಅದರ ಬೆನ್ನ ಮೇಲೆ ಅವಳು ಮಾಸವನ್ನೂ ಬರೆಯಲಿಲ್ಲ, ಗಂಟೆಯನ್ನೂ ಬರೆಯಲಿಲ್ಲ.

ಆದರೆ ನನ್ನ ತಲೆಯಲ್ಲಿ ಇಷ್ಟು ವರ್ಷ ಬಗೆಹರಿಯದೆ ಉಳಿದದ್ದು ಬೇರೆ. ಆ ಚೌಕಳಿ ಸೀರೆ ಅವಳದೇ. ಮದುವೆಗೆ ಮುಂಚೆ ಅವಳೇ ಸಂತೆಯಲ್ಲಿ ಆರಿಸಿ ಕೊಂಡದ್ದು, ಅವಳೇ ಉಟ್ಟದ್ದು, ಅವಳೇ ಟ್ರಂಕಿನಲ್ಲಿ ಮಡಿಸಿಟ್ಟು ಹೋದದ್ದು. ಚಿತ್ರ ಎಷ್ಟೇ ಮಸುಕಾಗಿರಲಿ, ಚೌಕಳಿಗಳು ಒಂದು ಕಡೆ ಕಾಣುತ್ತವೆ. ಅನಂತಣ್ಣ ಮೋಸ ಹೋಗಬಹುದು, ಮಾವನವರು ಮೋಸ ಹೋಗಬಹುದು. ತನ್ನ ಸೀರೆ ತನಗೇ ಗುರುತು ಸಿಗದ ಹೆಂಗಸು ಇದ್ದಾಳೆಯೇ? ಸಿಕ್ಕಿದ್ದರೆ ಅಪ್ಪನ ಮುಂದೆ ಹಾಗೇಕೆ ಹೇಳಿದಳು? ಸಿಗದಿದ್ದರೆ ಸೆರಗನ್ನು ಅಷ್ಟು ಹೊತ್ತು ಮೂಗಿಗೇಕೆ ಹಿಡಿದಳು? ಹೊತ್ತಲ್ಲದ ಹೊತ್ತಿನಲ್ಲಿ ಹಲವು ಸಲ ಕೇಳಿದ್ದೇನೆ. ಒಮ್ಮೆ ಗೊತ್ತಿತ್ತು ಎನ್ನುತ್ತಾಳೆ, ಒಮ್ಮೆ ಗೊತ್ತಿರಲಿಲ್ಲ ಎನ್ನುತ್ತಾಳೆ, ಮಕ್ಕಳೆದುರು ಕೇಳಿದರೆ ಸುಮ್ಮನಿರಿ ಎನ್ನುತ್ತಾಳೆ.

ಆವತ್ತು ಕರೆಂಟಿಲ್ಲದ ಬೆಳಿಗ್ಗೆ, ಹೊಗೆ ವಾಸನೆಯ ಅಂಗಿಯಲ್ಲೇ ಅವಳೆದುರು ಕುಳಿತು ಇನ್ನೊಮ್ಮೆ ಕೇಳಿದೆ. ಈಗ ನಮ್ಮಿಬ್ಬರಿಗೂ ವಯಸ್ಸಾಗಿದೆ, ಇನ್ನಾದರೂ ನಿಜ ಹೇಳು ಎಂದೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಅವಳು ಮುಂದೆ ಬಾಗಿ, ತಪ್ಪು ಕಾಜಕ್ಕೆ ಹೋಗಿದ್ದ ನನ್ನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕುತ್ತ, "ಫೋಟೋ ಸರಿಯಾಗಿ ತೆಗೆದಿದ್ರೆ ಗೊತ್ತಾಗ್ತಿತ್ತು," ಎಂದಳು.